ದಾರ್ಸೈಟಿನ ಆಲಿವ್ ಗೋಡೆ

ಆಲ್ಬಿನಾಳಿಗೆ ವಾರಕ್ಕೊಮ್ಮೆ ಸೋಫಾ ಎಳೆದಾಡುವ ಚಟವಿತ್ತು. ಒಂದು ವಾರ ಕಿಟಕಿಯ ಕೆಳಗೆ, ಇನ್ನೊಂದು ವಾರ ಬಾಗಿಲಿನ ಎದುರಿಗೆ, ಮತ್ತೊಂದು ವಾರ ಟಿವಿಗೆ ಅಡ್ಡಲಾಗಿ. ಶಾಲೆಯಿಂದ ಬಂದ ಮಗಳು ಇಸಾಬೆಲ್ಲಾ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು, "ಮಮ್ಮಿ, ನಾಟ್ ಅಗೇನ್!" ಎನ್ನುತ್ತಿದ್ದಳು. ಎಷ್ಟು ಎಳೆದರೂ ಹಾಲ್ ಮಾತ್ರ ಹಿಂದಿನ ದಿನದ ಹಾಗೆಯೇ ಕಾಣುತ್ತಿತ್ತು. ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಕರೆಯುವುದನ್ನು ಕಾಯುತ್ತಾ ಕೂರುವ ಕೋಣೆಯ ಹಾಗೆ.

ಮದುವೆಯಾಗಿ ಮಸ್ಕತ್ತಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಮೂರು ಫ್ಲಾಟು ಬದಲಾಯಿಸಿದ್ದರು. ಮೂರರ ಗೋಡೆಯೂ ಬಿಳಿಯೇ, ಅದೂ ಹಾಲಿನ ಬಿಳಿಯಲ್ಲ, ಟ್ಯೂಬ್‌ಲೈಟಿನ ಬಿಳಿ. ಹೊರಗೆ ನೋಡಿದರೆ ದಾರ್ಸೈಟಿನ ಬೋಳು ಗುಡ್ಡ, ಒಳಗೆ ನೋಡಿದರೆ ಬೋಳು ಗೋಡೆ. ಒಂದು ಮೊಳೆ ಹೊಡೆಯಬೇಕಾದರೂ ಗಂಡ ಸಿಪ್ರಿಯನ್, "ಯಾಕೆ ಸುಮ್ಮನೆ? ಬರುವ ವರ್ಷ ನಾವು ಊರಿಗೆ ಹೋಗುವವರಲ್ವಾ?" ಎನ್ನುತ್ತಿದ್ದ.

ಸಿಪ್ರಿಯನ್ ಕೆಟ್ಟವನಲ್ಲ. ರೂವಿಯಲ್ಲಿ ನೀರಿನ ಪಂಪು ಮಾರುವ ಕಂಪನಿಯೊಂದರಲ್ಲಿ ಸೇಲ್ಸ್ ಸೂಪರ್‌ವೈಸರ್ ಆಗಿದ್ದ. ಕುಡಿಯುವುದಿಲ್ಲ, ಶುಕ್ರವಾರದ ಇಗರ್ಜಿ ಪೂಜೆ ತಪ್ಪಿಸುವುದಿಲ್ಲ. ಆದರೆ ಅವನ ಮನಸ್ಸೆಲ್ಲ ಊರಿನಲ್ಲಿ, ಶಿರ್ವದಲ್ಲಿ ಏಳುತ್ತಿದ್ದ ಹೊಸ ಮನೆಯಲ್ಲಿತ್ತು. ಹೂವಿನ ಚಿತ್ತಾರದ ಡಿನ್ನರ್ ಸೆಟ್ಟು, ದಪ್ಪ ಜರಿಯ ಕರ್ಟನ್ನು, ಗಾಜಿನ ತೂಗುದೀಪ, ಕೊಂಡದ್ದೆಲ್ಲ ಅಲ್ಲಿಗೆಂದು ರಟ್ಟಿನ ಪೆಟ್ಟಿಗೆಗಳಲ್ಲಿ ಮಂಚದ ಕೆಳಗೆ ಮಲಗಿತ್ತು. ಇಲ್ಲಿ ದಿನಾ ಉಣ್ಣುವುದು ಪ್ಲಾಸ್ಟಿಕ್ ತಟ್ಟೆಯಲ್ಲಿ. ಆ ಬರುವ ವರ್ಷ ಹನ್ನೆರಡು ಸಲ ಬಂದು ಹೋಗಿತ್ತು.

ಆ ವರ್ಷ, ಎಂದರೆ ತೊಂಬತ್ತೆರಡರ ಆರಂಭದಲ್ಲಿ, ಸಿಪ್ರಿಯನ್‌ನ ಮ್ಯಾನೇಜರ್ ಅವರನ್ನು ಅಲ್ ಖೌದ್‌ನ ತನ್ನ ಮನೆಗೆ ಊಟಕ್ಕೆ ಕರೆದ. ಗಂಡಸರು ಮುಂದಿನ ಕೋಣೆಯಲ್ಲಿ ಕುಳಿತರು. ಮ್ಯಾನೇಜರನ ಹೆಂಡತಿ ಫಾತಿಮಾ ಆಲ್ಬಿನಾಳನ್ನು ಕೈಹಿಡಿದು ಹೆಂಗಸರ ಕೋಣೆಗೆ ಕರೆದೊಯ್ದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ನಾಲ್ಕೂ ಗೋಡೆ ಹಸಿರು. ಎಲೆಯ ಹಸಿರಲ್ಲ, ಗಿಳಿಯ ಹಸಿರೂ ಅಲ್ಲ. ಮಣ್ಣಿನಲ್ಲಿ ಹಸಿರನ್ನು ಅರೆದು ಬಳಿದ ಹಾಗೆ, ಉಪ್ಪುನೀರಿನಲ್ಲಿ ನೆನೆದ ಆಲಿವ್ ಕಾಯಿಯ ಬಣ್ಣ. ನೆಲದಲ್ಲಿ ಕೆಂಪು ದಿಂಬುಗಳು, ಮೂಲೆಯಲ್ಲಿ ಹಿತ್ತಾಳೆಯ ಕಾಫಿ ಹೂಜಿ. ಕುಳಿತ ಕೂಡಲೇ ಆಲ್ಬಿನಾಳಿಗೆ ಯಾರೋ ಹೆಗಲ ಮೇಲೆ ಶಾಲು ಹೊದಿಸಿದ ಹಾಗಾಯಿತು.

"ಕಲರ್ ಗುಡ್?" ಎಂದು ಫಾತಿಮಾ ನಕ್ಕು ಕೇಳಿದಳು.

"ವೆರಿ ಗುಡ್," ಎಂದಳು ಆಲ್ಬಿನಾ.

ಅಂದಿನಿಂದ ಅವಳಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಪಾತ್ರೆ ತೊಳೆಯುತ್ತಾ ಅರ್ಧಕ್ಕೆ ಬಿಟ್ಟು ಹಾಲಿಗೆ ಬಂದು ಗೋಡೆ ನೋಡುವಳು. ಬಟ್ಟೆ ಒಣಗಿಸಲು ಹೋಗಿ ಕ್ಲಿಪ್ಪು ಕೈಯಲ್ಲೇ ಹಿಡಿದು ವಾಪಸು ಬರುವಳು. ಹಸಿರು ಟವೆಲೊಂದನ್ನು ಗೋಡೆಗೆ ಒತ್ತಿ ಹಿಡಿದು ದೂರದಿಂದ ನೋಡಲಾಗದೆ ಮಗಳ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊ, ನಾನು ಅಲ್ಲಿಂದ ನೋಡ್ತೇನೆ" ಎನ್ನುವಳು.

ಬುರೈಮಿಯಲ್ಲಿ ಕಂಪನಿಯ ಹೊಸ ಅಂಗಡಿ ತೆರೆಯುವುದಿತ್ತು. ಸಿಪ್ರಿಯನ್ ಐದು ದಿನದ ಬಟ್ಟೆ ತುಂಬಿಕೊಂಡು ಶನಿವಾರ ಬೆಳಿಗ್ಗೆ ಹೊರಟ. ಹೊರಡುವಾಗ, "ಮುಂದಿನ ವಾರ ಪ್ರೆಸಿಲ್ಲಾ ಬರ್ತಾಳೆ, ನೆನಪುಂಟಲ್ಲಾ? ಇಸಾಬೆಲ್ಲಾಳ ರೂಮು ಸ್ವಲ್ಪ ಸರಿ ಮಾಡಿಡು," ಎಂದ.

ಪ್ರೆಸಿಲ್ಲಾ ಅವನ ತಂಗಿ. ಗಂಡ ಪಿಯುಸ್‌ನೊಂದಿಗೆ ಕುವೈತಿನಲ್ಲಿದ್ದವಳು. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳನುಗ್ಗಿದ ಕೆಲವು ವಾರಗಳಲ್ಲಿ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಹೊರಟು, ಮರುಭೂಮಿ ದಾಟಿ, ಜೋರ್ಡಾನಿನ ಡೇರೆಯಲ್ಲಿ ಮೂರು ವಾರ ಕಳೆದು ಊರು ಸೇರಿದ್ದರು. ಈಗ ಪಿಯುಸ್‌ಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತ್ತು. ಅವನು ಕಂಪನಿಯ ಕ್ವಾರ್ಟರ್ಸಿನಲ್ಲಿ ನಾಲ್ಕು ಜನರ ಜೊತೆಗಿದ್ದ. ಫ್ಲಾಟು ಸಿಗುವವರೆಗೆ ಪ್ರೆಸಿಲ್ಲಾ ಅಣ್ಣನ ಮನೆಯಲ್ಲಿರುವುದೆಂದು ಮಾತಾಗಿತ್ತು.

ಗಂಡನ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಆಲ್ಬಿನಾ ಟ್ಯಾಕ್ಸಿ ಹಿಡಿದು ರೂವಿಗೆ ಹೋದಳು. ಅಲ್ಲಿ ಉಳ್ಳಾಲದ ಉಮರಬ್ಬನ ಪೇಂಟಿನ ಅಂಗಡಿಯಿತ್ತು. ಉಮರಬ್ಬ ಶೇಡ್ ಕಾರ್ಡ್ ಬಿಡಿಸಿಟ್ಟ. ಅವಳಿಗೆ ಒಂದೂ ಒಪ್ಪಿಗೆಯಾಗಲಿಲ್ಲ.

"ಇದು ತುಂಬ ಹಸಿರಾಯ್ತು. ನನಗೆ ಮಣ್ಣಿನ ಹಾಗೆ ಬೇಕು."

"ಮಣ್ಣು ಬೇಕಾ, ಹಸಿರು ಬೇಕಾ ಬಾಯಮ್ಮ? ಒಂದು ಹೇಳಿ ಮಾರಾಯ್ರೆ."

"ಎರಡೂ."

ಉಮರಬ್ಬ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಆಮೇಲೆ ಬಿಳಿ ಪೇಂಟಿನ ಬಕೆಟಿನ ಮುಚ್ಚಳ ತೆಗೆದು, ಅದಕ್ಕೆ ಕಾವಿಯಂಥ ಹಳದಿ ಬಣ್ಣವನ್ನು ಸುರಿದು, ಚಿಕ್ಕ ಬಾಟಲಿಯಿಂದ ಕಪ್ಪನ್ನು ತೊಟ್ಟು ತೊಟ್ಟಾಗಿ ಬಿಟ್ಟ. ಕೋಲಿನಿಂದ ತಿರುವಿದಂತೆ ಹಳದಿಯ ಹೊಟ್ಟೆಯಿಂದ ಹಸಿರು ಏಳತೊಡಗಿತು. ಆಲ್ಬಿನಾ ಬಾಯಿ ತೆರೆದು ನೋಡಿದಳು.

"ಹಸಿರು ಹಾಕಲೇ ಇಲ್ಲ ನೀವು!"

"ಹಳದಿಗೆ ಕಪ್ಪು ಬಿದ್ರೆ ಹಸಿರೇ. ಈಗ ನೋಡಿ, ಸಾಕಾ?"

"ಇನ್ನೂ ಎರಡು ತೊಟ್ಟು."

"ಯಾರು ಹೊಡೀಲಿಕ್ಕೆ? ಜನ ಬೇಕಾ?"

"ನಾನೇ."

ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಆಲ್ಬಿನಾ. ಹಳೆಯ ನೈಟಿ, ತಲೆಗೆ ಗಂಡನ ಲುಂಗಿ. ಮೊದಲ ಕೋಟು ಹೊಡೆದು ಕೆಳಗಿಳಿದು ನೋಡಿದಳು. ಗೋಡೆ ಕೆಸರು ಎರಚಿದ ಹಾಗಿತ್ತು. ಕೆಳಗಿನಿಂದ ಬಿಳಿ ಅಲ್ಲಲ್ಲಿ ಹಲ್ಲು ಕಿರಿಯುತ್ತಿತ್ತು. ಶಾಲೆಯಿಂದ ಬಂದ ಇಸಾಬೆಲ್ಲಾ, "ಡ್ಯಾಡಿ ವಿಲ್ ಫೇಂಟ್," ಎಂದಳು. ಆಮೇಲೆ ತಾನೂ ಒಂದು ಬ್ರಷ್ ಹಿಡಿದಳು. ಎರಡನೇ ಕೋಟು, ಮೂರನೇ ಕೋಟು. ನಾಲ್ಕನೇ ದಿನ ಸಂಜೆ ಗುಡ್ಡದ ಕಡೆಯಿಂದ ಬಿಸಿಲು ಓರೆಯಾಗಿ ಒಳಬಂದಾಗ ಗೋಡೆ ತಟ್ಟನೆ ಮೈದುಂಬಿತು. ಫಾತಿಮಾಳ ಗೋಡೆಗಿಂತ ಒಂದಿಷ್ಟು ಗಾಢ, ಒಂದಿಷ್ಟು ಒರಟು. ಆದರೆ ಅವಳದೇ. ಆಲ್ಬಿನಾ ನೆಲದಲ್ಲೇ ಕುಳಿತು ಗೋಡೆಗೆ ಬೆನ್ನು ಕೊಡಲು ಹೋಗಿ, ಇನ್ನೂ ಹಸಿಯಿದ್ದೀತೆಂದು ಹೆದರಿ ಮುಂದೆ ಸರಿದಳು.

ಗುರುವಾರ ಬಂದ ಸಿಪ್ರಿಯನ್ ಸೂಟ್‌ಕೇಸ್ ಕೈಯಲ್ಲೇ ಹಿಡಿದು ಹಾಲಿನ ನಡುವೆ ಒಂದು ಸುತ್ತು ತಿರುಗಿದ.

"ಇದೆಂತ?"

"ಬಣ್ಣ."

"ಬಣ್ಣ ಅಂತ ಗೊತ್ತಾಯ್ತು. ಓನರಿಗೆ ಎಂತ ಹೇಳುವುದು? ಬಿಡುವಾಗ ಬಿಳಿ ಮಾಡಿಕೊಡಬೇಕು ಅಂತ ಅಗ್ರಿಮೆಂಟಲ್ಲಿ ಉಂಟು."

"ಬಿಡುವಾಗ ಮಾಡಿಕೊಡುವ. ನೀವು ಯಾವಾಗ ಬಿಡುವುದು ಹೇಳಿ, ನಾನೇ ಮಾಡಿಕೊಡ್ತೇನೆ."

ಸಿಪ್ರಿಯನ್ ಸೂಟ್‌ಕೇಸ್ ಒಳಗೆ ಒಯ್ದಿಟ್ಟ. ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ. ಮೂರನೇ ದಿನ ಊಟ ಮಾಡುತ್ತಾ ಗೋಡೆ ನೋಡಿ, "ಸ್ವಿಚ್ಚಿನ ಹತ್ತಿರ ಸರಿ ಬರಲಿಲ್ಲ," ಎಂದ. ಅದನ್ನೇ ರಾಜಿಯೆಂದು ಆಲ್ಬಿನಾ ತೆಗೆದುಕೊಂಡಳು.

ಸೀಬ್ ವಿಮಾನ ನಿಲ್ದಾಣದಿಂದ ಪ್ರೆಸಿಲ್ಲಾಳನ್ನು ಕರೆತಂದ ದಿನ ಆಲ್ಬಿನಾ ಬೆಳಿಗ್ಗೆಯಿಂದ ಹಾಲಿನಲ್ಲಿ ಎರಡು ಸಲ ಕಸ ಗುಡಿಸಿದ್ದಳು. ಮಂಚದ ಕೆಳಗಿನ ಪೆಟ್ಟಿಗೆಯೊಂದನ್ನು ಒಡೆದು ಕೆಂಪು ಕುಶನ್ ಕವರು ತೆಗೆದು ಹಾಕಿದ್ದಳು. ಹೊಸಬರೊಬ್ಬರು ಗೋಡೆ ನೋಡಿ ಏನೆನ್ನುತ್ತಾರೆಂದು ಅವಳ ಕಿವಿ ನೆಟ್ಟಗಾಗಿತ್ತು.

ಪ್ರೆಸಿಲ್ಲಾ ಬಾಗಿಲು ದಾಟಿದಳು. ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಆಮೇಲೆ ತಲೆ ತಗ್ಗಿಸಿ ನೇರವಾಗಿ ಅಡುಗೆಮನೆಗೆ ಹೋಗಿ, "ಅತ್ತಿಗೆ, ಕುಡಿಯಲಿಕ್ಕೆ ನೀರು ಕೊಡಿ," ಎಂದಳು. ಗೋಡೆಯ ಬಗ್ಗೆ ಒಂದು ಮಾತಿಲ್ಲ.

ಅವತ್ತಿಲ್ಲ, ಮರುದಿನವಿಲ್ಲ, ಒಂದು ವಾರ ಕಳೆದರೂ ಇಲ್ಲ. ಅವಳು ಹಾಲಿನಲ್ಲಿ ಕೂರುತ್ತಲೇ ಇರಲಿಲ್ಲ. ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು, ಇಸಾಬೆಲ್ಲಾಳ ಜಡೆ ಹಾಕುವುದು ಎಲ್ಲ ಅಡುಗೆಮನೆಯ ನೆಲದಲ್ಲೇ. ರಾತ್ರಿ ಊಟಕ್ಕೆ ಕರೆದರೆ, "ನೀವು ತಿನ್ನಿ, ನಾನು ಆಮೇಲೆ," ಎನ್ನುವಳು. ಶುಕ್ರವಾರ ಪಿಯುಸ್ ಬಂದು ಸೋಫಾದಲ್ಲಿ ಕಾಲು ಚಾಚಿ, "ಫಸ್ಟ್ ಕ್ಲಾಸ್ ಕಲರ್ ಆಲ್ಬಿನಾ ಬಾಯಿ!" ಎಂದು ಹೊಗಳುತ್ತಿದ್ದರೆ, ಅವನ ಹೆಂಡತಿ ಅಡುಗೆಮನೆಯ ಬಾಗಿಲಿನಿಂದಲೇ ಕೈ ಚಾಚಿ ಚಹದ ಕಪ್ಪು ಕೊಡುತ್ತಿದ್ದಳು.

ಆಲ್ಬಿನಾಳ ಒಳಗೆ ಕುದಿಯತೊಡಗಿತು. ಇಷ್ಟವಾಗದಿದ್ದರೆ ಬಾಯಿ ಬಿಟ್ಟು ಹೇಳಲಿ. ನಾದಿನಿಯಲ್ಲವೇ, ಅಣ್ಣನ ಮನೆಯಲ್ಲಿ ಅತ್ತಿಗೆ ಕೇಳದೆ ಬಣ್ಣ ಹೊಡೆದಳೆಂದು ಸಿಟ್ಟಿರಬೇಕು. ಅವಳು ಹಾಲಿಗೆ ಬರುವಳು, ಅಡುಗೆಮನೆಗೆ ಹೋಗುವಳು, ಮತ್ತೆ ಹಾಲಿಗೆ. ಸೋಫಾ ಎರಡು ಸಲ ಜಾಗ ಬದಲಾಯಿಸಿತು. ತಾನು ಕಷ್ಟಪಟ್ಟು ತಂದುಕೊಂಡ ಒಂದು ಸಮಾಧಾನವೂ ಕೈಜಾರಿ ಹೋಯಿತೆಂದು ಅನಿಸಿ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಬೆಳಿಗ್ಗೆ, ಮನೆಯಲ್ಲಿ ಇಬ್ಬರೇ ಇದ್ದಾಗ, ಪ್ರೆಸಿಲ್ಲಾ ಬಂಗುಡೆ ಮೀನಿಗೆ ಮಸಾಲೆ ಸವರುತ್ತಿದ್ದಳು. ಆಲ್ಬಿನಾಳಿಗೆ ತಡೆಯಲಾಗಲಿಲ್ಲ.

"ಪ್ರೆಸಿಲ್ಲಾ, ನನ್ನ ಗೋಡೆ ನಿನಗೆ ಎಂತ ಮಾಡಿದೆ?"

ಪ್ರೆಸಿಲ್ಲಾಳ ಕೈ ನಿಂತಿತು.

"ಹೇಳು. ಚಂದ ಇಲ್ಲದಿದ್ರೆ ಇಲ್ಲ ಅನ್ನು. ಹೀಗೆ ಮುಖ ತಿರುಗಿಸಿ ಕೂರಬೇಡ. ಇದು ನನ್ನ ಮನೆ ಕೂಡ."

"ಚಂದ ಉಂಟು ಅತ್ತಿಗೆ," ಎಂದಳು ಪ್ರೆಸಿಲ್ಲಾ ನಿಧಾನವಾಗಿ. "ನಿಮ್ಮ ಗೋಡೆಯ ತಪ್ಪಲ್ಲ. ಅವರ ಡ್ರೆಸ್ಸು ಇದೇ ಬಣ್ಣ."

"ಯಾರ?"

"ಮಿಲಿಟ್ರಿಯವರ. ಇರಾಕಿಯವರ."

ಆಮೇಲೆ ಅವಳು ಮೀನಿನ ತಟ್ಟೆಯನ್ನು ನೋಡುತ್ತಲೇ ಹೇಳಿದಳು. ಸೈನ್ಯ ಬಂದ ಎರಡನೇ ವಾರ. ಪಿಯುಸ್ ಬೆಳಿಗ್ಗೆಯೇ ರೊಟ್ಟಿಯ ಕ್ಯೂಗೆ ಹೋಗಿದ್ದ. ಬಾಗಿಲು ಬಡಿದ ಸದ್ದಾಯಿತು. ಅವನೇ ಎಂದು ತೆರೆದರೆ ಒಬ್ಬ ಸಿಪಾಯಿ, ನಡುವಯಸ್ಸಿನವನು, ಹೆಗಲಲ್ಲಿ ಬಂದೂಕು. ನೀರು ಕೇಳಿದ. ಕೊಟ್ಟಳು. ಒಳಗೆ ಬಂದು ಕೋಣೆಗಳನ್ನು ನೋಡಿದ. ಟೇಬಲ್ಲಿನ ಮೇಲಿದ್ದ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಸೋಫಾದಲ್ಲಿ ಕುಳಿತವನು ಹಾಗೇ ಕಾಲು ಚಾಚಿ ಮಲಗಿಬಿಟ್ಟ.

"ನಿದ್ದೆ ಹೋದ ಅತ್ತಿಗೆ. ಗೊರಕೆ ಹೊಡೆದ. ಬಂದೂಕು ಎದೆ ಮೇಲೆ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಹೊರಗೆ ಹೋಗಬೇಕಾದ್ರೆ ಅವನ ಕಾಲು ದಾಟಬೇಕು. ಪಿಯುಸ್ ನಿಮಗೆ ಗೊತ್ತಲ್ಲ, ಮೆಟ್ಟಿಲಿಂದಲೇ ನನ್ನ ಹೆಸರು ಕೂಗಿಕೊಂಡು ಬರುವವರು. ಕೂಗಿದ್ರೆ ಇವನು ಬೆಚ್ಚಿ ಎದ್ದು ಬಂದೂಕು ಹಿಡೀತಾನೆ. ಎರಡು ಗಂಟೆ. ಗಂಡ ಬರಬಾರದು, ಗಂಡ ಬರಬಾರದು ಅಂತ ಜಪಸರ ಇಲ್ಲದೆ ಬೆರಳಲ್ಲೇ ಎಣಿಸಿದೆ. ನನ್ನ ಕಣ್ಣಿಗೆ ಬಾಗಿಲ ಸಂದಿನಿಂದ ಕಾಣ್ತಿದ್ದದ್ದು ಅವನ ಹೆಗಲು ಒಂದೇ. ಈ ಬಣ್ಣ."

"ಆಮೇಲೆ?"

"ಎದ್ದ. ಕುಶನ್ನು ಸರಿಯಾಗಿ ಇಟ್ಟ. 'ಶುಕ್ರನ್' ಅಂದ, ಥ್ಯಾಂಕ್ಸ್ ಅಂತ. ಹೋದ. ಐದೇ ನಿಮಿಷಕ್ಕೆ ಇವರು ಬಂದ್ರು."

ಗ್ಯಾಸಿನ ಮೇಲೆ ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಆಲ್ಬಿನಾ ಕೈ ಚಾಚಿ ಆರಿಸಿದಳು.

"ಪಿಯುಸ್‌ಗೆ ಕಾರು ಹೋದದ್ದು ಗೊತ್ತು," ಎಂದಳು ಪ್ರೆಸಿಲ್ಲಾ. "ಅವನು ಮಲಗಿದ್ದು ಗೊತ್ತಿಲ್ಲ. ಹೇಳಿದ್ರೆ, ನಿನ್ನನ್ನು ಒಬ್ಬಳೇ ಬಿಟ್ಟು ಹೋದೆ ಅಂತ ಅವರು ಕೊರಗ್ತಾರೆ. ಅಣ್ಣನಿಗೂ ಹೇಳಬೇಡಿ. ಆಣೆ ಉಂಟು."

ಆಲ್ಬಿನಾಳಿಗೆ ಆ ದಿನವಿಡೀ ಗೋಡೆಯ ಕಡೆ ಕಣ್ಣೆತ್ತಲಾಗಲಿಲ್ಲ. ನಾಚಿಕೆಯಾಯಿತು, ಮರುಕವಾಯಿತು. ಅದರ ಬುಡದಲ್ಲೇ ಸಣ್ಣದೊಂದು ಸಿಟ್ಟೂ ಉಳಿದಿತ್ತು. ಇಷ್ಟು ವರ್ಷದಲ್ಲಿ ತನಗಾಗಿ ಮಾಡಿಕೊಂಡದ್ದು ಇದೊಂದು, ಅದಕ್ಕೂ ಯಾರದೋ ಬಂದೂಕು ಅಡ್ಡ ಬರಬೇಕೇ? ಆ ಸಿಟ್ಟಿಗೆ ಮತ್ತೆ ನಾಚಿಕೆಪಟ್ಟಳು. ಸಂಜೆ ಗಂಡನಿಗೆ ಹೇಳಿದಳು:

"ನಾಳೆ ಹಾಲಿಗೆ ಬಿಳಿ ಹೊಡೀತೇನೆ."

"ಯಾಕೆ?"

"ಬೇಜಾರಾಯ್ತು."

ಸಿಪ್ರಿಯನ್ ಪೇಪರ್ ಕೆಳಗಿಟ್ಟು ಗಹಗಹಿಸಿ ನಕ್ಕ. "ನಾನು ಹೇಳಿದ್ದಲ್ವಾ? ಒಂದು ತಿಂಗಳೂ ಇರಲಿಲ್ಲ ನಿನ್ನ ಶೋಕಿ!" ಅವನು ಊಟದ ಹೊತ್ತಿನಲ್ಲೂ ನೆನೆದು ನೆನೆದು ನಕ್ಕ. ಆಲ್ಬಿನಾ ಅನ್ನದ ಜೊತೆ ಅದನ್ನೂ ನುಂಗಿದಳು. ಅಡುಗೆಮನೆಯ ಬಾಗಿಲಲ್ಲಿ ಪ್ರೆಸಿಲ್ಲಾ ಕೇಳಿಸಿಕೊಂಡು ನಿಂತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಪ್ರೆಸಿಲ್ಲಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಆಲ್ಬಿನಾ ರೋಲರನ್ನು ಬಿಳಿಯಲ್ಲಿ ಅದ್ದಿದಳು. ಕಿಟಕಿಯ ಪಕ್ಕದ ಗೋಡೆಯಲ್ಲಿ ಒಂದು ಪಟ್ಟೆ ಎಳೆದಳು. ಎರಡನೇ ಪಟ್ಟೆ, ಮೂರನೇ ಪಟ್ಟೆ. ಹಸಿರು ಮುಳುಗುತ್ತಾ ಬಂತು. ಕೈ ಬೇಗಬೇಗ ಓಡಿತು. ನಿಧಾನಿಸಿದರೆ ಮನಸ್ಸು ತಿರುಗೀತೆಂಬ ಭಯ.

"ನಿಲ್ಲಿಸಿ ಅತ್ತಿಗೆ!"

ಪ್ರೆಸಿಲ್ಲಾ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹಾಲಿನ ನಡುವೆ ನಿಂತಿದ್ದಳು. ಈ ಮನೆಗೆ ಬಂದ ಮೇಲೆ ಅಲ್ಲಿ ನಿಂತದ್ದು ಅದೇ ಮೊದಲು.

"ನೀನು ಒಳಗೆ ಹೋಗು. ಒಂದು ಗಂಟೆಯ ಕೆಲಸ."

"ಬಿಳಿ ಹೊಡೆದ್ರೆ ಎಂತ ಆಗ್ತದೆ? ಅಲ್ಲಿ ನಮ್ಮ ಹಾಲಿನ ಗೋಡೆ ಬಿಳಿಯೇ ಇತ್ತು. ಅವನು ಮಲಗಿದ್ದು ಬಿಳಿ ಗೋಡೆ ಹತ್ತಿರವೇ. ಹಾಗಾದ್ರೆ ನಾನು ಯಾವ ಗೋಡೆ ನೋಡುವುದು?"

ರೋಲರಿನಿಂದ ಬಿಳಿ ಹನಿ ನೆಲಕ್ಕೆ ತೊಟ್ಟಿಕ್ಕಿತು.

"ನಮ್ಮ ಕಾರು ತಕೊಂಡು ಹೋದ," ಎಂದಳು ಪ್ರೆಸಿಲ್ಲಾ. "ಮನೆ ಹೋಯ್ತು, ಕೆಲಸ ಹೋಯ್ತು. ಈಗ ದಾರ್ಸೈಟಿಗೆ ಬಂದು ನಿಮ್ಮ ಗೋಡೆಯನ್ನೂ ತಕೊಂಡು ಹೋಗಬೇಕಾ ಅವನು? ಅಣ್ಣ ನಿನ್ನೆ ನಗ್ತಿದ್ದದ್ದು ನಾನು ಕೇಳಿದೆ. ನನ್ನಿಂದಾಗಿ ನೀವು ಬೈಸಿಕೊಳ್ಳಬೇಡಿ. ಕೊಡಿ ಇಲ್ಲಿ."

ಅವಳು ರೋಲರು ಕಸಿದುಕೊಂಡು ಬಕೆಟಿಗೆ ಎಸೆದಳು. ಬಿಳಿ ಪೇಂಟು ಸಿಡಿದು ಇಬ್ಬರ ಕಾಲಿಗೂ ರಾಚಿತು. ಇಬ್ಬರೂ ಕೆಳಗೆ ನೋಡಿಕೊಂಡರು. ಆಲ್ಬಿನಾಳಿಗೆ ಮೊದಲು ನಗು ಬಂತು, ಆಮೇಲೆ ಪ್ರೆಸಿಲ್ಲಾಳಿಗೆ. ನಗುತ್ತಾ ನಗುತ್ತಾ ಪ್ರೆಸಿಲ್ಲಾ ನೆಲಕ್ಕೆ ಕುಸಿದು ಕುಳಿತು ಅಳತೊಡಗಿದಳು. ಆಲ್ಬಿನಾ ಪಕ್ಕದಲ್ಲಿ ಕುಳಿತಳು. ಸೀರೆಯ ಚಿಂದಿಯಿಂದ ಅವಳ ಪಾದದ ಬಣ್ಣ ಒರೆಸುತ್ತಾ ಹೋದಳು.

ಉಳಿದಿದ್ದ ಹಸಿರು ಸಾಲದಾಯಿತು. ಇಬ್ಬರೂ ಟ್ಯಾಕ್ಸಿಯಲ್ಲಿ ಉಮರಬ್ಬನ ಅಂಗಡಿಗೆ ಹೋದರು. ಉಮರಬ್ಬ ಎಷ್ಟು ತಿರುವಿದರೂ ಮೊದಲಿನ ಬಣ್ಣ ಬರಲಿಲ್ಲ.

"ಕೈಯಲ್ಲಿ ಕಲಸಿದ್ದು ಎರಡನೇ ಸಲ ಅದೇ ಬರುವುದಿಲ್ಲ ಬಾಯಮ್ಮ," ಎಂದು ಕೈಚೆಲ್ಲಿದ.

"ಕಪ್ಪು ಸ್ವಲ್ಪ ಕಡಿಮೆ ಹಾಕಿ," ಎಂದಳು ಪ್ರೆಸಿಲ್ಲಾ. ಅಂಗಡಿಯಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ಹಾಗೆ ಕಿಟಕಿಯ ಪಕ್ಕದ ಗೋಡೆ ಉಳಿದ ಮೂರಕ್ಕಿಂತ ಹಳದಿಯ ಕಡೆ ವಾಲಿತು. ಮೂಲೆಯಲ್ಲಿ ಎರಡು ಬಣ್ಣ ಸೇರುವ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು. ಸಿಪ್ರಿಯನ್ ಬಂದವನು, "ಇದೆಂತ, ಬಿಳಿ ಅಂದವಳು ಮತ್ತೆ ಹಸಿರು? ಅದೂ ಎರಡು ನಮೂನೆ?" ಎಂದ.

"ನಾನು ಹೇಳಿದ್ದು ಅಣ್ಣ," ಎಂದಳು ಪ್ರೆಸಿಲ್ಲಾ. "ಅತ್ತಿಗೆಯದ್ದು ತಪ್ಪಿಲ್ಲ."

ತಂಗಿಯ ಮುಖದಲ್ಲಿ ಏನು ಕಂಡನೋ, ಸಿಪ್ರಿಯನ್ ಮತ್ತೆ ಕೇಳಲಿಲ್ಲ, ನಗಲೂ ಇಲ್ಲ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತೆಂದಲ್ಲ. ಪ್ರೆಸಿಲ್ಲಾ ಮೊದಲ ದಿನ ಹಾಲಿನಲ್ಲಿ ಚಹ ಮುಗಿಯುವಷ್ಟು ಹೊತ್ತು ಕುಳಿತು ಎದ್ದು ಹೋದಳು. ಮರುದಿನ ಹಳದಿ ವಾಲಿದ ಗೋಡೆಗೆ ಎದುರಾಗಿ ಕುಳಿತು ಬೀನ್ಸ್ ಮುರಿದಳು. ಒಂದು ದಿನ ಹೊರಗೆ ಯಾರದೋ ಬಾಗಿಲು ಬಡಿದ ಸದ್ದಿಗೆ ಬೀನ್ಸಿನ ತಟ್ಟೆ ಬಿಟ್ಟು ಅಡುಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ಚೆಲ್ಲಿದ್ದನ್ನು ಹೆಕ್ಕಿದಳು. ಆಲ್ಬಿನಾ ನೋಡಿಯೂ ನೋಡದಂತೆ ಸೋಫಾದ ಕವರು ಕೊಡವುತ್ತಿದ್ದಳು.

ಏಪ್ರಿಲ್ ಕೊನೆಗೆ ಪಿಯುಸ್‌ಗೆ ಅಲ್ ಖೌದ್‌ನಲ್ಲಿ ಎರಡು ಕೋಣೆಯ ಫ್ಲಾಟು ಸಿಕ್ಕಿತು. ಶುಕ್ರವಾರದ ಪೂಜೆಯ ನಂತರ ಎಲ್ಲರೂ ನೋಡಲು ಹೋದರು. ಸಿಪ್ರಿಯನ್ ಮತ್ತು ಇಸಾಬೆಲ್ಲಾ ಕೆಳಗೆ ಅಂಗಡಿಯಲ್ಲಿ ಜ್ಯೂಸ್ ಕೊಳ್ಳಲು ನಿಂತರು. ಮೇಲೆ ಖಾಲಿ ಹಾಲಿನಲ್ಲಿ ಪಿಯುಸ್ ಕೈತಟ್ಟಿ ಪ್ರತಿಧ್ವನಿ ಕೇಳಿ, "ಬಣ್ಣ ಗಿಣ್ಣ ಎಂತ ಬೇಡ, ಹೀಗೇ ಇರಲಿ," ಎಂದ.

"ಬೇಕು," ಎಂದಳು ಪ್ರೆಸಿಲ್ಲಾ.

"ಯಾಕೆ? ಬಿಳಿ ಚಂದ ಉಂಟಲ್ಲಾ?"

ಪ್ರೆಸಿಲ್ಲಾ ಆಲ್ಬಿನಾಳ ಕಡೆ ಒಮ್ಮೆ ನೋಡಿದಳು. ಆಲ್ಬಿನಾ ಬಾಲ್ಕನಿಗೆ ಹೋಗಿ ಹಿಂದಿನಿಂದ ಬಾಗಿಲೆಳೆದುಕೊಂಡಳು. ಹೊರಗೆ ಬಿಸಿಗಾಳಿ. ಒಳಗಿನಿಂದ ಪ್ರೆಸಿಲ್ಲಾಳ ದನಿ, ತಗ್ಗಿದ ದನಿ, ತಡೆದು ತಡೆದು ಬರುತ್ತಿತ್ತು. ಮಧ್ಯೆ ಪಿಯುಸ್ ಏನೋ ಕೇಳಿದ. ಮತ್ತೆ ಅವಳ ದನಿ. ಆಲ್ಬಿನಾ ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ನಡೆದಳು. ಒಳಗೆ ಹೋಗಬೇಕೆಂದು ಬಾಗಿಲ ಹಿಡಿಗೆ ಕೈ ಹಾಕಿದಳು, ತೆಗೆದಳು. ಕಂಬಿ ಸುಡುತ್ತಿದ್ದರೂ ಹಿಡಿದು ನಿಂತಳು.

ಬಾಗಿಲು ತೆರೆದು ಪಿಯುಸ್ ಹೊರಗೆ ಬಂದ. ಅವನ ಕಣ್ಣು ಕೆಂಪಾಗಿತ್ತು. ಕರವಸ್ತ್ರದಿಂದ ಮುಖ ಒರೆಸಿ, ಗಂಟಲು ಸರಿಮಾಡಿಕೊಂಡ.

"ಆಲ್ಬಿನಾ ಬಾಯಿ, ಶುಕ್ರವಾರ ಪೇಂಟಿನ ಅಂಗಡಿ ತೆರೀತದಾ?"

"ಸಂಜೆ ತೆರೀತದೆ. ನಾಲ್ಕೂವರೆಗೆ."

ಅವನು ವಾಚು ನೋಡಿಕೊಂಡ. ಇನ್ನೂ ಎರಡು ಗಂಟೆಯಿತ್ತು. "ಹೋಗಿ ಅಲ್ಲೇ ಕಾಯುವ," ಎಂದ. ಒಳಗೆ ಪ್ರೆಸಿಲ್ಲಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.